ಸಕ್ಕರೆ ನದಿಯ ಮೇಲೊಂದು ಸೂರು

ಹೋದ ಭಾನುವಾರ ಮಗಳು ಕೇಳಿದ ಒಂದು ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ನಾವಿರುವ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶುಗರ್ ರಿವರ್ ಅಂತ ಒಂದು ಹೊಳೆ ಇದೆ. ಮಂಡ್ಯ ಜಿಲ್ಲೆಯವಳಾದ ನನಗೆ ಆ ಹೆಸರು ಕೇಳಿದರೇ ಖುಷಿ. ನ್ಯೂಪೋರ್ಟ್‌ನಿಂದ ಕ್ಲೇರ್‌ಮಾಂಟ್ ಕಡೆಗೆ ಹೊಳೆ ಪಕ್ಕದಲ್ಲೇ ಹಿಂದೆ ರೈಲು ಓಡುತ್ತಿತ್ತು. ಈಗ ಹಳಿ ಇಲ್ಲ. ಸುಮಾರು 10 ಮೈಲಿ ನಡೆದಾಡುವ, ಸೈಕಲ್ ತುಳಿಯುವ ದಾರಿಯಾಗಿದೆ. ಆ ದಾರಿಯಲ್ಲಿ ಸೂರು ಹೊದಿಸಿದ ಎರಡು ಮರದ ರೈಲು ಸೇತುವೆಗಳು ಸಿಗುತ್ತವೆ. ದೊಡ್ಡದು ಪಿಯರ್ ಸೇತುವೆ, 1907ರಲ್ಲಿ ಕಟ್ಟಿದ್ದು. 200 ಅಡಿಗಿಂತ ಜಾಸ್ತಿ ಉದ್ದ.

ಒಳಗೆ ಕಾಲಿಟ್ಟರೆ ನಮ್ಮಜ್ಜಿ ಮನೆಯ ಅಟ್ಟದ ನೆನಪು. ಅರೆಗತ್ತಲು, ಹಳೇ ಮರದ ವಾಸನೆ. ಹಲಗೆಗಳನ್ನು ಓರೆಯಾಗಿ ಹೆಣೆದು, ಮರದ ಗೂಟ ಹೊಡೆದು ಜಾಲರಿ ಮಾಡಿದ್ದಾರೆ. ಮಗಳು ಒಂದು ಗೂಟದ ತಲೆಯ ಮೇಲೆ ಹೆಬ್ಬೆರಳಿಟ್ಟಳು. ಬೆರಳಿಗಿಂತ ಗೂಟವೇ ದಪ್ಪ.

"ರೈಲು ನೆನೆಯಬಾರದು ಅಂತ ಸೂರಾ?" ಎಂದಳು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜಿ ನಕ್ಕರು. ರೈಲಿಗಲ್ಲ ಮಗೂ, ಸೇತುವೆಗೇ ಸೂರು. ಮಳೆ, ಹಿಮ ತಾಗಿದರೆ ಮರ ಕೊಳೆಯುತ್ತೆ, ಮರೆ ಇದ್ದರೆ ನೂರು ವರ್ಷ ಬಾಳುತ್ತೆ ಅಂತ ಬಿಡಿಸಿ ಹೇಳಿದರು.

ನಾನು ಹೆಮ್ಮೆಯಿಂದ ನಮ್ಮ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಸುದ್ದಿ ತೆಗೆದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಾವೇರಿಗೆ ಕಟ್ಟಿದ್ದು. ಇದಕ್ಕಿಂತ ನೂರು ವರ್ಷ ಹಳೆಯದು. ಸಾಲು ಸಾಲು ಕಲ್ಲಿನ ಕಂಬ. ಎಷ್ಟೋ ಪ್ರವಾಹ ಬಂದು ಹೋದರೂ ನಿಂತಿದೆ. ಆದರೆ ಕಂಬಗಳ ಸಂದಿಯಲ್ಲಿ ಗಿಡ ಬೆಳೆದಿದೆ, ಕೇಳೋರಿಲ್ಲ ಅಂತಲೂ ಬಾಯಿಗೆ ಬಂದುಬಿಟ್ಟಿತು.

"ಕಲ್ಲು ಗಟ್ಟಿ ಅಲ್ವಾ ಅಮ್ಮ, ಅದಕ್ಕೇ ಯಾರೂ ನೋಡ್ಕೊಳ್ಳಲ್ವಾ?"

ಏನಂತ ಹೇಳಲಿ? ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಮುಂದೆ ಕೂತು ಆ ಸೇತುವೆ ದಾಟಿದ್ದೆ. ಕೆಳಗೆ ಬಂಡೆಗಳ ನಡುವೆ ಕಾವೇರಿ ಸದ್ದು ಮಾಡುತ್ತಿದ್ದಳು. ಅಪ್ಪ ಮಧ್ಯದಲ್ಲಿ ಇಳಿದು ಕೈ ಮುಗಿಯುತ್ತಿದ್ದರು. ಆಮೇಲೆ ಪ್ರತಿ ಸಲ ಊರಿಗೆ ಹೋದಾಗಲೂ ಹೊಸ ಸೇತುವೆ ಮೇಲೆ ಕಾರಿನಲ್ಲಿ ಹೋಗಿದ್ದೇನೆ, ಒಮ್ಮೆಯೂ ನಿಂತಿಲ್ಲ. ಆ ಹಳೇ ಸೇತುವೆಗೆ ಸೂರೇನೂ ಬೇಕಿಲ್ಲ. ವರ್ಷಕ್ಕೊಮ್ಮೆ ನಾಲ್ಕು ಆಳು ಹೋಗಿ ಗಿಡ ಕಿತ್ತರೂ ಎಷ್ಟೋ ಆಯಿತು.

ಅವತ್ತೇ ರಾತ್ರಿ ತಮ್ಮನಿಗೆ ಫೋನ್ ಮಾಡಿ, ಫೋಟೋ ಕಳಿಸು ಅಂದೆ. ಮಾರನೇ ದಿನ ಆರು ಫೋಟೋ ಬಂದವು. ಕೆಳಗೆ ಒಂದೇ ಸಾಲು: "ದಿನಾ ಇದರ ಪಕ್ಕದಲ್ಲೇ ಓಡಾಡ್ತೀನಿ ಅಕ್ಕ, ಇಳಿದು ನೋಡಿದ್ದು ಇವತ್ತೇ."