ಆಟದ ನಡೆಯಲ್ಲೇ ಪಾಠ ಇರಬೇಕು

ಮಕ್ಕಳಿಗಾಗಿ ಕಲಿಕೆಯ ಆಟಗಳನ್ನು ರೂಪಿಸುವುದು ನನ್ನ ಕೆಲಸ. ಶಿಕ್ಷಕರು ನಮ್ಮನ್ನು ಹೆಚ್ಚಾಗಿ ಕೇಳುವುದು ಇದನ್ನೇ: ಆಟದಿಂದ ನಿಜವಾಗಿ ಕಲಿಕೆ ಆಗುತ್ತದಾ? ಆಗುತ್ತದೆ. ಆದರೆ ಆಟದಲ್ಲಿ ಮಗು ಏನು ಮಾಡುತ್ತದೋ ಅದನ್ನೇ ಕಲಿಯುತ್ತದೆ.

ತಂಡಕ್ಕೆ ಹೊಸಬರು ಬಂದಾಗ ಮನೋವಿಜ್ಞಾನಿಗಳಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಮೊದಲು ಓದಿಸುತ್ತೇನೆ. ಆಟ ತುಂಬಾ ಸರಳ. 1ರಿಂದ 10ರವರೆಗೆ ಒಂದೇ ಸಾಲಿನಲ್ಲಿ ಮನೆಗಳು, ತಿರುಗಿಸಲು ಒಂದು ಮುಳ್ಳು, ನಡೆಸಲು ಒಂದು ಕಾಯಿ. ಇನ್ನೂ ಶಾಲೆಗೆ ಸೇರದ, ಬಡ ಕುಟುಂಬಗಳ ಮಕ್ಕಳು ತಲಾ ಒಟ್ಟು ಒಂದು ಗಂಟೆಯಷ್ಟು ಹೊತ್ತು ಆಡಿದರು. ಯಾವ ಸಂಖ್ಯೆ ದೊಡ್ಡದು, ಗೆರೆಯ ಮೇಲೆ ಅದು ಎಲ್ಲಿ ಬರುತ್ತದೆ ಎನ್ನುವ ಅಂದಾಜು ಅವರಲ್ಲಿ ಚೆನ್ನಾಗಿ ಸುಧಾರಿಸಿತು. 9 ವಾರ ಕಳೆದ ಮೇಲೂ ಅದು ಉಳಿದಿತ್ತು. ಸಂಖ್ಯೆಯ ಬದಲು ಬರೀ ಬಣ್ಣಗಳಿದ್ದ ಹಲಗೆಯಲ್ಲಿ ಆಡಿದ ಮಕ್ಕಳಿಗೆ ಈ ಲಾಭ ಸಿಗಲಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ನಿಯಮ. ಕಾಯಿ 3ರಲ್ಲಿದ್ದು 2 ಬಿದ್ದರೆ, ಮಗು 'ಒಂದು, ಎರಡು' ಎನ್ನುವ ಹಾಗಿಲ್ಲ. 'ನಾಲ್ಕು, ಐದು' ಎಂದೇ ಹೇಳಬೇಕು. ಆಗ ಪ್ರತಿ ಮನೆಯ ಸಂಖ್ಯೆಯನ್ನೂ ಗಮನಿಸಲೇಬೇಕಾಗುತ್ತದೆ. 2014ರಲ್ಲಿ ಸಂಶೋಧಕಿ ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 100ರವರೆಗಿನ ಹಲಗೆಯಲ್ಲಿ ಎರಡೂ ಕ್ರಮಗಳನ್ನು ಹೋಲಿಸಿ ನೋಡಿದರು. ಪ್ರತಿ ಸಲ ಒಂದರಿಂದ ಎಣಿಸಿದವರಿಗಿಂತ, ಇದ್ದ ಜಾಗದಿಂದ ಮುಂದಕ್ಕೆ ಎಣಿಸಿದವರು ಜಾಸ್ತಿ ಕಲಿತರು. ಹಲಗೆ ಅದೇ, ಬಾಯಲ್ಲಿ ಹೇಳುವುದು ಮಾತ್ರ ಬೇರೆ!

ಅದಕ್ಕೇ ಯಾವ ಹೊಸ ಆಟ ನನ್ನ ಮುಂದೆ ಬಂದರೂ ಅಂಕ, ನಕ್ಷತ್ರ, ಕಥೆ ಎಲ್ಲವನ್ನೂ ಪಕ್ಕಕ್ಕಿಟ್ಟು ನೋಡುತ್ತೇನೆ. ಮುಂದಿನ ನಡೆಗೆ ಮಗು ಏನನ್ನು ಯೋಚಿಸಬೇಕು? ಪರದೆ ಮೇಲೆ ಸುಮ್ನೆ ಬೇಗ ಬೇಗ ಒತ್ತಿಯೇ ಗೆಲ್ಲಬಹುದು ಅಂತಾದರೆ ಆ ಆಟವನ್ನು ವಾಪಸ್ ಕಳಿಸುತ್ತೇನೆ.

ಆಟ ಅಂದರೆ ಮಕ್ಕಳಿಗೆ ಆಸಕ್ತಿ, ಆ ಆಸಕ್ತಿಯಿಂದಲೇ ಕಲಿಕೆ ಎಂದು ತುಂಬಾ ಜನ ನಂಬುತ್ತಾರೆ, ಅಲ್ವಾ? 2013ರಲ್ಲಿ ಸಂಶೋಧಕ ಪೀಟರ್ ವೌಟರ್ಸ್ ಮತ್ತು ಜೊತೆಗಾರರು ಕಲಿಕೆಯ ಕಂಪ್ಯೂಟರ್ ಆಟಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರು. ಮಾಮೂಲಿ ಪಾಠಕ್ಕಿಂತ ಆಟದಿಂದ ಕಲಿಕೆ ಹೆಚ್ಚಾಗಿತ್ತು. ಪರಿಣಾಮದ ಪ್ರಮಾಣ, ಅಂದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಹೇಳುವ ಅಳತೆ, 0.29. ಸಣ್ಣದೇ ಅನ್ನಬೇಕು. ಆಸಕ್ತಿ ಹೆಚ್ಚಿತು ಅನ್ನಲು ಮಾತ್ರ ಗಟ್ಟಿ ಪುರಾವೆ ಸಿಗಲಿಲ್ಲ. ಆಟದ ಜೊತೆ ಬೇರೆ ಪಾಠವೂ ಇದ್ದಾಗ, ಒಂದಕ್ಕಿಂತ ಹೆಚ್ಚು ಸಲ ಆಡಿಸಿದಾಗ ಲಾಭ ಜಾಸ್ತಿ.

ಹೀಗಾಗಿ ನಮ್ಮ ಪ್ರತಿ ಆಟದ ಜೊತೆ ಶಿಕ್ಷಕರಿಗೆ ಒಂದು ಹಾಳೆ ಕೊಡುತ್ತೇವೆ. ಆಟ ಮುಗಿದ ಮೇಲೆ, ಪರದೆ ಇಲ್ಲದೆ ಮಕ್ಕಳು ಬಿಡಿಸಬೇಕಾದ ಲೆಕ್ಕಗಳು ಅದರಲ್ಲಿರುತ್ತವೆ. ಅಲ್ಲಿ ಮಕ್ಕಳು ತಡವರಿಸಿದರೆ ನಾವು ಮೊದಲು ಬದಲಿಸುವುದು ಆಟದ ನಡೆಯನ್ನೇ.