ಅಂಗಾತ ಬಿದ್ದ ನೊಣ ಸತ್ತಿದೆಯೇ?

ಶಿರಸಿ, ಸಿದ್ದಾಪುರದ ಕಡೆ ಮಳೆ ಹಿಡಿದು ಕೊಟ್ಟಿಗೆಗೆ ಹಸಿಸೊಪ್ಪು ಹಾಸಲು ಶುರುವಾದರೆ ನೊಣದ ಔಷಧಿಗೂ ಗಿರಾಕಿ ಶುರು. ಸಂಜೆ ಹೊಡೆದ ಸ್ವಲ್ಪ ಹೊತ್ತಿಗೇ ನೊಣ ಅಂಗಾತ ಬಿದ್ದು ಗಿರಗಿರ ತಿರುಗುತ್ತದೆ. ಗುಡಿಸಿ ಗೊಬ್ಬರಗುಂಡಿಗೆ ಹಾಕಿದ್ದಾಯಿತು. ಬೆಳಿಗ್ಗೆ ನೋಡಿದರೆ ಅಕ್ಕಚ್ಚಿನ ಬಾನಿಯ ಅಂಚಿನಲ್ಲಿ ಮತ್ತೆ ನೊಣದ ಸಾಲು. ಆಗ ಬೈಗುಳವೆಲ್ಲ ಅಂಗಡಿಯವನಿಗೆ.

ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ. ಬಿದ್ದ ನೊಣಗಳಲ್ಲಿ ಇಪ್ಪತ್ತು ಮೂವತ್ತನ್ನು ಕಾಗದದ ತುಂಡಿನಿಂದ ಎತ್ತಿ ತೊಳೆದ ಗಾಜಿನ ಬಾಟಲಿಗೆ ಹಾಕಿ. ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಒಳಗಿಡಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಲೆಕ್ಕ ಹಾಕಬೇಕಾದ್ದು 24 ಗಂಟೆ ಕಳೆದ ಮೇಲೆ. ತುಂಬಾ ನೊಣ ಎದ್ದು ಓಡಾಡುತ್ತಿದ್ದರೆ ಅವು ಔಷಧಿಯನ್ನು ಮೈಯೊಳಗೇ ಒಡೆದು ಅರಗಿಸಿಕೊಳ್ಳುತ್ತಿರಬಹುದು. ಬೀಳುವುದೇ ಇಲ್ಲ ಅಂದರೆ ನರದಲ್ಲಿ ಔಷಧಿ ತಾಗುವ ಜಾಗವೇ ಬದಲಾಗಿರುವ ಸಾಧ್ಯತೆ ಹೆಚ್ಚು.

ಆದರೆ ಪ್ರಮಾಣ ಕಡಿಮೆಯಾಗಿದ್ದರೂ ಹೀಗೇ ಆಗುತ್ತದೆ. ಲೇಬಲ್ ನೋಡಿ ಅಳೆದೇ ಬೆರೆಸಿರಬೇಕು. ಗೋಡೆಯನ್ನೂ ನೋಡಿ. ಸಗಣಿ ಮೆತ್ತಿದ ಗೋಡೆ ಔಷಧಿಯನ್ನು ಹೀರಿಕೊಳ್ಳುತ್ತದೆ, ಹೊಸ ಸುಣ್ಣದ ಕ್ಷಾರ ಅದನ್ನು ಕೆಡಿಸುತ್ತದೆ.

ಔಷಧಿ ಬದಲಿಸಿದ್ದೇವೆ ಅನ್ನುವವರು ಸಾಮಾನ್ಯವಾಗಿ ಬದಲಿಸಿದ್ದು ಡಬ್ಬಿಯ ಬಣ್ಣವನ್ನು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್‌ಮೆಥ್ರಿನ್: 'ಥ್ರಿನ್' ಎಂದು ಮುಗಿಯುವುದೆಲ್ಲ ಒಂದೇ ಮನೆತನ. ಡಿಡಿಟಿ ತಾಗುತ್ತಿದ್ದುದೂ ನರದ ಅದೇ ಜಾಗಕ್ಕೆ. 1940ರ ದಶಕದಲ್ಲೇ ಯುರೋಪಿನ ನೊಣಗಳು ಡಿಡಿಟಿಗೆ ಬಗ್ಗದಾದವು. ಆ ವಿದ್ಯೆಯೇ ಇವತ್ತು 'ಥ್ರಿನ್'ಗಳಿಗೂ ಒದಗುತ್ತಿದೆ. ದನದ ಉಣುಗಿಗೆ ಹಾಕುವುದೂ ಹೆಚ್ಚಾಗಿ ಇದೇ ಗುಂಪು, ಅಂದರೆ ಕೊಟ್ಟಿಗೆಯ ನೊಣಕ್ಕೆ ಇದರ ರುಚಿ ಎರಡೆರಡು ಕಡೆಯಿಂದ. ಗುಂಪು ಬದಲಿಸುವುದಾದರೆ ಇಮಿಡಾಕ್ಲೋಪ್ರಿಡ್ ಇರುವ, ನೊಣ ತಿಂದು ಸಾಯುವ ಮದ್ದು ಇದೆ. ಕರು, ಕೋಳಿ, ಹಾಲಿನ ಪಾತ್ರೆಗೆ ಸಿಗದ ಎತ್ತರದಲ್ಲಿ ಇಡಬೇಕು. ಡೈಕ್ಲೋರ್ವಾಸ್ ಎಂಬ ಹಳೆಯ ಔಷಧಿ ಕೇಳಬೇಡಿ, 2020ರ ಕೊನೆಯಿಂದ ಅದು ನಿಷಿದ್ಧ.

ಸಗಣಿಯ ಮೇಲಂತೂ ಹೊಡೆಯಲೇಬೇಡಿ. ಹುಳುವಿದ್ದಾಗಲೇ ಔಷಧಿಗೆ ಪಳಗಿದ ಪೀಳಿಗೆ ಎದ್ದು ಬರುತ್ತದೆ, ನೊಣದ ಕೋಶ (ಹುಳು ನೊಣವಾಗುವ ಮೊದಲಿನ ಗೂಡು) ಕೊರೆಯುವ ಪುಟ್ಟ ಕಣಜಗಳು ಮಾತ್ರ ಸಾಯುತ್ತವೆ.

ನಿಜವಾದ ಕೆಲಸ ಇರುವುದು ಹಾಸಿನಲ್ಲಿ. ಸೆಕೆಯ ದಿನಗಳಲ್ಲಿ ಮೊಟ್ಟೆ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ಸೊಪ್ಪಿನ ಹಾಸನ್ನು ನಾಲ್ಕೈದು ದಿನಕ್ಕೊಮ್ಮೆ ತೆಗೆಯಲೇಬೇಕು. ಮೊದಲು ಕರು ಕಟ್ಟುವ ಮೂಲೆ. ಹಾಲು, ಗಂಜಲ, ಹಿಂಡಿ ಸೇರಿ ನೆನೆದ ಹಾಸಿನಷ್ಟು ನೊಣಕ್ಕೆ ಇಷ್ಟವಾದದ್ದು ಬೇರಿಲ್ಲ. ಗುಂಡಿಯ ರಾಶಿಗೆ ಟಾರ್ಪಾಲಿನ್ ಬಿಗಿಯಾಗಿ ಮುಚ್ಚಿದರೆ ನಡುವಿನ ಬಿಸಿಗೆ ಹುಳು ಉಳಿಯುವುದಿಲ್ಲ, ಅಂಚಿಗೆ ಓಡುತ್ತದೆ. ಅಂಚನ್ನು ನಾಲ್ಕು ಬೆರಳು ಕೆದಕಿದರೆ ಕಂದುಬಣ್ಣದ, ಅಕ್ಕಿಕಾಳಿನಷ್ಟು ಕೋಶಗಳು ಸಿಗುತ್ತವೆ. ಆ ಅಂಚನ್ನೇ ವಾರಕ್ಕೊಮ್ಮೆ ಗುದ್ದಲಿಯಿಂದ ಎಳೆದು ರಾಶಿಯ ನಡುವಿಗೆ ಹಾಕಿ, ಮತ್ತೆ ಮುಚ್ಚಿ.