15ಕ್ಕೆ 13 ಸರ್ವ್ ದಾಟಿಸ್ತಿದ್ದ ಮಕ್ಳು ಮ್ಯಾಚಲ್ಲಿ ಮೊದಲನೇದ್ನೇ ನೆಟ್ಟಿಗೆ ಹೊಡೆದ್ರು

ಪಿಟಿ ಟೀಚರ್ ಆಗಿ 14 ವರ್ಷ ಆಯ್ತು. ಅದ್ರಲ್ಲಿ ಮೊದಲ ಎಂಟೊಂಬತ್ತು ವರ್ಷ ವಾಲಿಬಾಲ್ ಸರ್ವ್ ಹೇಗೆ ಹೇಳ್ಕೊಡ್ತಿದ್ದೆ ಅಂತ ನೆನೆಸ್ಕೊಂಡ್ರೆ ಈಗ ಸ್ವಲ್ಪ ನಾಚ್ಕೆ ಆಗುತ್ತೆ, ಆದ್ರೆ ಆಗ ಎಲ್ರೂ ಹಾಗೇ ಹೇಳ್ಕೊಡೋರು, ನಂಗೂ ಹಾಗೇ ಹೇಳ್ಕೊಟ್ಟಿದ್ರು. ಲೈನ್ ಮೇಲೆ ನಿಲ್ಸೋದು, ಒಬ್ಬೊಬ್ರ ಕೈಲೂ 15 ಅಂಡರ್‌ಆರ್ಮ್ ಸರ್ವ್ ಮಾಡ್ಸೋದು, ಪ್ರತಿ ಬಾಲ್ ಆದ್ಮೇಲೂ ನಾನು ಕೂಗೋದು, "ಮೊಣಕೈ ಮಡಚ್ಬೇಡ", "ಟಾಸ್ ಪಕ್ಕಕ್ ಹೋಯ್ತು" (ಟಾಸ್ ಅಂದ್ರೆ ಹೊಡಿಯೋಕೆ ಬಾಲ್ ಮೇಲಕ್ಕೆ ಎಸೆಯೋದು), "ಮಂಡಿ ಬಗ್ಗಿಸೋ". ಅಂಡರ್‌ಆರ್ಮ್ ಒಂದು ವಾರ, ಸೈಡ್‌ಆರ್ಮ್ ಒಂದು ವಾರ, ಓವರ್‌ಹೆಡ್ ಒಂದು ವಾರ. ಪೀರಿಯಡ್ ಮುಗಿಯೋ ಹೊತ್ತಿಗೆ 15ಕ್ಕೆ 12, 13 ಬಾಲ್ ನೆಟ್ ದಾಟೋದು, ಅದನ್ನ ರಿಜಿಸ್ಟರಲ್ಲಿ ಬರ್ಕೊಂಡು ಖುಷಿಯಾಗಿ ಸ್ಟಾಫ್ ರೂಮಿಗೆ ಹೋಗ್ತಿದ್ದೆ.

ಒಂದ್ಸಲ ಇನ್ಸ್‌ಪೆಕ್ಷನ್ ಬಂತು, ಡೆಮೋ ಕ್ಲಾಸ್ ಕೊಡಿ ಅಂದ್ರು, ಮಕ್ಳು ಸಾಲಾಗಿ ನಿಂತು ಟಪ್ ಟಪ್ ಅಂತ ಸರ್ವ್ ಹೊಡೆದಿದ್ದೇ ಹೊಡೆದಿದ್ದು, ಬಂದೋರು ಬೆನ್ನು ತಟ್ಟಿ ಹೋದ್ರು. ಅದಾಗಿ ಹತ್ತು ದಿನಕ್ಕೆ ಬೇರೆ ಶಾಲೆ ಜೊತೆ ಮ್ಯಾಚು. ಅದೇ ಮಕ್ಳು. ಒಂದು ನೆಟ್ಟಿಗೆ, ಒಂದು ಔಟು, ಒಬ್ಬ ಅಂತೂ ಮುಂದೆ ನಿಂತಿದ್ದ ತನ್ನ ಟೀಮಿನವನ ಬೆನ್ನಿಗೇ ಹೊಡೆದ. ಸೋತು ಬಂದ್ಮೇಲೆ ಚೆನ್ನಾಗಿ ಬೈದೆ, ಭಯ ನಿಮ್ಗೆ, ನಾಲ್ಕು ಜನ ನೋಡ್ತಿದ್ರೆ ಕೈ ನಡುಗುತ್ತೆ ಅಂತ. ಆಗ ಒಬ್ಳು ಹುಡುಗಿ ಮೆಲ್ಲಗೆ ಹೇಳಿದ್ಳು, "ಸಾರ್, ಕ್ಲಾಸಲ್ಲಿ ನಾಲ್ಕನೇ ಬಾಲಿಂದ ಸರಿ ಹೋಗುತ್ತೆ ಸಾರ್, ಇಲ್ಲಿ ಒಂದೇ ಬಾಲ್ ಕೊಡ್ತಾರೆ."

ಆ ಮಾತಿಗೆ ನನ್ ಹತ್ರ ಉತ್ತರ ಇರ್ಲಿಲ್ಲ. ಮುಂದಿನ ಸೋಮವಾರ ವಾರ್ಮಪ್ ಮುಗಿದ್ ತಕ್ಷಣ, ಏನೂ ಹೇಳ್ದೆ, ಒಬ್ಬೊಬ್ರಿಗೂ ಒಂದೇ ಒಂದು ಸರ್ವ್ ಮಾಡ್ಸಿ ಬರ್ಕೊಂಡೆ. ಅರ್ಧದಷ್ಟು ಕೂಡ ದಾಟ್ಲಿಲ್ಲ. ಅಂದ್ರೆ ನಾನು ಇಷ್ಟು ವರ್ಷ ರಿಜಿಸ್ಟರಲ್ಲಿ ಬರೀತಿದ್ದಿದ್ದು ಆ ಪೀರಿಯಡ್‌ನ ಕೊನೇ ಹತ್ತು ನಿಮಿಷದ ಆಟ, ಮಗು ಮನೆಗೆ ತಗೊಂಡ್ ಹೋದ ಕಲಿಕೆನ ಯಾವತ್ತೂ ಅಳೆದೇ ಇರ್ಲಿಲ್ಲ.

ಆಮೇಲೆ ಓದಕ್ಕೆ ಕೂತೆ. ನೋಡಿದ್ರೆ ಇದು 1979ರಲ್ಲೇ ಗೊತ್ತಿದ್ದ ವಿಷ್ಯ! ಶೇ ಮತ್ತು ಮಾರ್ಗನ್ ಅಂತ ಇಬ್ರು ಸಂಶೋಧಕರು ಮೂರು ಥರದ ಕೈ ಚಲನೆ ಕಲಿಸಿದ್ರು, ಒಂದು ಗುಂಪಿಗೆ ಒಂದನ್ನ ಪೂರ್ತಿ ಮುಗಿಸಿ ಇನ್ನೊಂದು, ಇನ್ನೊಂದು ಗುಂಪಿಗೆ ಮೂರನ್ನೂ ಕಲಸಿ. ಪ್ರಾಕ್ಟೀಸ್ ಟೈಮಲ್ಲಿ ಮೊದಲನೇ ಗುಂಪೇ ಚೆನ್ನಾಗಿ ಮಾಡ್ತು, ಸ್ವಲ್ಪ ಬಿಟ್ಟು ಟೆಸ್ಟ್ ಮಾಡಿದಾಗ ಮಾತ್ರ ಕಲಸಿ ಕಲಿತೋರು ಮುಂದೆ. 1986ರಲ್ಲಿ ಗೂಡ್ ಮತ್ತು ಮಗಿಲ್ ಇದನ್ನೇ ಬ್ಯಾಡ್ಮಿಂಟನ್ ಸರ್ವ್ ಇಟ್ಕೊಂಡು ಮಾಡಿದ್ರು, ಶಾರ್ಟ್, ಲಾಂಗ್, ಡ್ರೈವ್, ಮೂರು ಸರ್ವ್. ಕಲಿತಿದ್ದು ಬಲಗಡೆ ಕೋರ್ಟಿಂದ, ಆಮೇಲೆ ಒಂದ್ಸಲಾನೂ ನಿಲ್ಲದೇ ಇದ್ದ ಎಡಗಡೆಯಿಂದ ಹೊಡೆಸಿ ನೋಡಿದ್ರು, ಅಲ್ಲೂ ಕಲಸಿ ಕಲಿತೋರೇ ಮೇಲು.

ಯಾಕೆ ಹೀಗೆ ಅಂದ್ರೆ, ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟು. ಮೊದಲ ಸರ್ವಿಗೆ ಮಗು ತಲೇಲಿ ಲೆಕ್ಕ ಹಾಕ್ಬೇಕು, ಎಷ್ಟು ಜೋರು, ಎಷ್ಟು ಎತ್ತರ, ಯಾವಾಗ ಹೊಡೀಬೇಕು. ಎರಡನೇದಕ್ಕೆ ಆ ಲೆಕ್ಕ ಇನ್ನೂ ಕೈಯಲ್ಲೇ ಇರುತ್ತೆ, ಸ್ವಲ್ಪ ತಿದ್ದಿದ್ರೆ ಸಾಕು. ನನ್ ಮಕ್ಳು ಮೊದಲ ಬಾಲಿನ ಉತ್ತರ ನೋಡ್ಕೊಂಡು ಮಿಕ್ಕ 14 ಕಾಪಿ ಹೊಡೀತಿದ್ರು ಅಷ್ಟೇ. ಮ್ಯಾಚಲ್ಲಿ ಕಾಪಿ ಹೊಡಿಯೋಕೆ ಹಿಂದಿನ ಬಾಲೇ ಇರಲ್ಲ, ರಿಸೀವ್ ಮಾಡಿ, ಓಡಿ, ಬ್ಲಾಕಿಗೆ ಹಾರಿ, ರೊಟೇಶನ್ನಲ್ಲಿ ನಮ್ ಸರದಿ ಬಂದಾಗ ಲೈನಿಗೆ ಹೋಗಿ, ರೆಫ್ರಿ ವಿಷಲ್ ಊದಿದ 8 ಸೆಕೆಂಡಲ್ಲಿ ಹೊಡೀಬೇಕು, ಪ್ರತಿಸಲ ಲೆಕ್ಕ ಹೊಸದಾಗಿ ಹಾಕ್ಬೇಕು.

ಹಂಗಾಗಿ ಕ್ಲಾಸ್ ಬದಲಾಯಿಸ್ದೆ. ಈಗ ಒಬ್ರು ಒಂದು ಸರ್ವ್ ಮಾಡಿ ತಕ್ಷಣ ಒಳಗೆ ಓಡಿ ಎರಡು ಪಾಸ್ ಮಾಡ್ಬೇಕು, ಆಮೇಲೆ ಮತ್ತೆ ಸರದಿ, ಈ ಸಲ ಸರ್ವ್ ಥರ ಬೇರೆ ಇಲ್ಲಾ ಬೀಳಿಸೋ ಜಾಗ ಬೇರೆ. ನೋಡೋಕೆ ಸಂತೆ ಥರ ಇರುತ್ತೆ. ಬಾಲು ಎಲ್ಲೆಲ್ಲೋ ಹೋಗುತ್ತೆ, ಮಕ್ಕಳಿಗೂ ಮೊದಮೊದಲು ಬೇಜಾರು, "ಸಾರ್ ಮೊದಲಿನ ಥರಾನೇ ಮಾಡೋಣ, ಆಗ ಚೆನ್ನಾಗ್ ಬರ್ತಿತ್ತು" ಅಂತ. ಚೆನ್ನಾಗ್ ಬರ್ತಿತ್ತು ಅನ್ನೋ ಫೀಲಿಂಗೇ ಮೋಸ ಮಾಡೋದು, ನಂಗೂ ಮಾಡಿತ್ತಲ್ಲ.

ಕೂಗೋದು ನಿಲ್ಸಿದ್ದು ಮಾತ್ರ ತುಂಬಾ ಕಷ್ಟ ಆಯ್ತು. ಒಬ್ಳು ಹುಡುಗಿ ಇದ್ಳು, ಸರ್ವ್ ಹೊಡೆದು ಬಾಲ್ ಎಲ್ಲಿ ಬಿತ್ತು ಅಂತ ನೋಡ್ತಾನೇ ಇರ್ಲಿಲ್ಲ, ಸೀದಾ ನನ್ ಮುಖ ನೋಡೋಳು! ನಾನೇ ಅವಳಿಗೆ ಆ ಚಟ ಹತ್ಸಿದ್ದು. ವಿನ್‌ಸ್ಟೀನ್ ಮತ್ತು ಶ್ಮಿಟ್ 1990ರಲ್ಲಿ ತೋರಿಸಿದ್ದು ಇದೇ, ಪ್ರತಿ ಸಲಾನೂ ರಿಸಲ್ಟ್ ಹೇಳಿಸ್ಕೊಂಡೋರಿಗಿಂತ ಸುಮಾರು ಅರ್ಧ ಸಲ ಮಾತ್ರ ಹೇಳಿಸ್ಕೊಂಡೋರು, ಏನೂ ಹೇಳ್ದೇ ಇಟ್ಟ ಟೆಸ್ಟಲ್ಲಿ ಮರುದಿನ ಚೆನ್ನಾಗಿ ಮಾಡಿದ್ರು. ಈಗ ಸರ್ವ್ ಆದ್ಮೇಲೆ ಮೊದಲು ನಾನೇ ಕೇಳ್ತೀನಿ, ಏನಾಯ್ತು ಅಂತ. ಮೊದಲ ವಾರ ಬರೀ "ಗೊತ್ತಿಲ್ಲ ಸಾರ್". ಮೂರನೇ ವಾರಕ್ಕೆ "ಟಾಸ್ ಹಿಂದಕ್ ಹೋಯ್ತು ಸಾರ್" ಅಂತ ನಾನ್ ಬಾಯಿ ತೆಗೆಯೋಕ್ ಮುಂಚೆನೇ ಹೇಳ್ತಾರೆ.

ಹೇಳೋ ಮಾತನ್ನೂ ಬದಲಾಯಿಸ್ದೆ. ಮೊಣಕೈ, ಮಣಿಕಟ್ಟು, ಮಂಡಿ ಇವೆಲ್ಲ ಬಿಟ್ಟು "ಆ ಮೂಲೇಲಿ ಇಟ್ಟಿರೋ ಕೋನಿಗೆ ಹೊಡಿ", "ನೆಟ್ ಮೇಲೆ ಒಂದು ಮೊಳ ಬಿಟ್ಟು ಕಳ್ಸು". ಗೇಬ್ರಿಯಲಾ ವುಲ್ಫ್ ಮತ್ತೆ ಜೊತೆಗಾರರು 1998ರಲ್ಲಿ ಸ್ಕೀ ಮೆಷಿನ್ (ಹಿಮದ ಮೇಲೆ ಜಾರೋ ಆಟದ ಥರ ಅಕ್ಕಪಕ್ಕ ತೂಗಾಡೋ ಯಂತ್ರ) ಮೇಲೆ ಮಾಡಿದ ಪ್ರಯೋಗದಲ್ಲಿ, ಪಾದದ ಕಡೆ ಗಮನ ಕೊಡಿ ಅಂತ ಹೇಳಿಸ್ಕೊಂಡೋರಿಗಿಂತ ಪಾದದ ಕೆಳಗಿರೋ ಚಕ್ರದ ಕಡೆ ಗಮನ ಕೊಡಿ ಅಂತ ಹೇಳಿಸ್ಕೊಂಡೋರು ಚೆನ್ನಾಗಿ ಕಲಿತ್ರು. ಎರಡಕ್ಕೂ ಮಧ್ಯೆ ಇರೋ ದೂರ ಎಷ್ಟು ಹೇಳಿ! ಇನ್ನೂ ಹಿಂದೆ, 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಅನ್ನೋರು ಸುತ್ತಿಗೆ ಹೊಡಿಯೋ ನುರಿತ ಕೆಲ್ಸಗಾರರ ಚಲನೆ ಅಳೆದಿದ್ರು. ಸುತ್ತಿಗೆ ತುದಿ ಪ್ರತಿಸಲ ಹೆಚ್ಚುಕಮ್ಮಿ ಒಂದೇ ದಾರೀಲಿ ಹೋಗೋದು, ಆದ್ರೆ ಭುಜ ಮೊಣಕೈ ಮಣಿಕಟ್ಟು ಒಂದೊಂದ್ ಸಲ ಒಂದೊಂದ್ ಥರ ಹೊಂದ್ಕೊಂಡು ಅದನ್ನ ಸಾಧಿಸೋವು. ಕಸುಬು ಬಂದೋರ ಕೈಯೇ ಹಾಗಿರುವಾಗ ನಾನು 13 ವರ್ಷದ ಮಗುವಿನ ಮೊಣಕೈನ ಒಂದೇ ಆಂಗಲ್‌ಗೆ ಫಿಕ್ಸ್ ಮಾಡಕ್ಕೆ ಹೊರಟಿದ್ದೆ.

ಇದನ್ನ ಎಲ್ಲಾ ಕಡೆ ಕಣ್ಮುಚ್ಚಿ ಮಾಡಕ್ಕಾಗಲ್ಲ ಅನ್ನೋದೂ ಪೆಟ್ಟು ತಿಂದೇ ಕಲಿತೆ. ಆರನೇ ಕ್ಲಾಸಿನ ಹೊಸ ಮಕ್ಕಳಿಗೆ ಮೊದಲ ದಿನಾನೇ ಮೂರೂ ಸರ್ವ್ ಕಲಸಿ ಕೊಟ್ಟೆ, ಬಾಲಿಗೆ ಕೈ ತಾಗಿಸೋದೇ ಗೊತ್ತಿಲ್ದೋರು, ಪೂರ್ತಿ ಗಲಿಬಿಲಿ ಆಗಿ ಇಬ್ರು ಮೂಲೇಲಿ ಕೂತ್ಬಿಟ್ರು. ಅವರಿಗೆ ಈಗ ಮೊದಲ ಎರಡ್ಮೂರು ಕ್ಲಾಸ್ ಒಂದೇ ಸರ್ವ್, ಹತ್ರದಿಂದ, ಚಲನೆ ಒಂದು ರೂಪಕ್ಕೆ ಬರೋ ತನಕ. ಮೊಣಕೈ ಬಗ್ಗೆ ಹೇಳಲೇಬೇಕಾದ ಮಕ್ಳೂ ಇರ್ತಾರೆ, ಹೇಳ್ತೀನಿ. ಇನ್ನು ವಾಲ್ಟ್ (ಓಡಿ ಬಂದು ಕೈ ಊರಿ ಹಾರೋದು), ಹ್ಯಾಂಡ್‌ಸ್ಟ್ಯಾಂಡ್ (ಕೈ ಮೇಲೆ ತಲೆಕೆಳಗಾಗಿ ನಿಲ್ಲೋದು) ಥರದ ಬಿದ್ರೆ ಕುತ್ತಿಗೆಗೆ ಬರೋ ಐಟಮ್‌ಗಳಲ್ಲಿ ಈ ಕಲಸೋ ಆಟ ಆಡಲ್ಲ.

ಈಗ ರಿಜಿಸ್ಟರಲ್ಲಿ ಒಂದೇ ಕಾಲಮ್, ಸೋಮವಾರದ ಮೊದಲ ಬಾಲು, ದಾಟ್ತಾ ಇಲ್ವಾ. ಮೊದಲಿನ 12, 13 ಥರ ಚೆಂದದ ನಂಬರ್ ಕಾಣಲ್ಲ, ಪುಟದ ತುಂಬಾ ಟಿಕ್ಕು ಇಂಟು. ಮುಂದಿನ ತಿಂಗಳು ಮತ್ತೆ ಇನ್ಸ್‌ಪೆಕ್ಷನ್ ಇದೆ. ಆ ಸಂತೆ ಕ್ಲಾಸೇ ತೋರಿಸ್ತೀನಿ ಅಂತ ಹೆಚ್‌ಎಂಗೆ ಹೇಳಿದೀನಿ, ಅವರು "ನೋಡಿ ಮೇಷ್ಟ್ರೇ, ಅವತ್ತೊಂದು ದಿನ ಸಾಲಾಗಿ ನಿಲ್ಸಿಬಿಡಿ" ಅಂದ್ರು, ಇನ್ನೂ ಒಪ್ಕೊಂಡಿಲ್ಲ ನಾನು.